ಅತ್ತೆ ವ್ಯಾನಿನಲ್ಲಿ ಮಲಗಿದ್ದಾಳೆ

ಇಡೀ ಯಾದಗಿರಿ ಜಿಲ್ಲೆಯಲ್ಲಿ ರಿವರ್ಸ್ ಗೇರು ಇರುವ ಮನೆ ಒಂದೇ ಒಂದು. ಅದು ನಮ್ಮ ಅತ್ತೆಯದು! ನಂಬಿಕೆ ಬಾರದಿದ್ದರೆ ಸುರಪುರಕ್ಕೆ ಬನ್ನಿ, ತೋರಿಸುತ್ತೇನೆ. ಆದರೆ ಬರುವ ಮೊದಲು ಒಂದು ಫೋನು ಮಾಡಿ. ಬೇರೆ ಕಡೆಯಾದರೆ ಮನೆಯವರು ಊರಲ್ಲಿ ಇಲ್ಲದಿರಬಹುದು. ನಮ್ಮ ಅತ್ತೆಯ ವಿಷಯದಲ್ಲಿ ಮನೆಯೇ ಊರಲ್ಲಿ ಇರುವುದಿಲ್ಲ.

ಈ ಮನೆ ಈಚೆಗೆ ಅವಳ ಕೈಬಿಟ್ಟು ಹೋಗುವುದರಲ್ಲಿತ್ತು. ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ತೀರ್ಪು ಕೊಡುವ ಕೆಲಸ, ಎಲ್ಲ ಬಿಟ್ಟು, ನನ್ನ ತಲೆಗೆ ಬಂದಿತ್ತು. ಆ ಕತೆ ಹೇಳಬೇಕೆಂದೇ ಕುಳಿತಿದ್ದೇನೆ. ನಡುವೆ ತಡವರಿಸಿದರೆ ಕ್ಷಮಿಸಿ. ಈಗಲೂ ಯಾರಾದರೂ ಕಟಕ್ ಎಂದು ಖಡಕ್ ರೊಟ್ಟಿ ಮುರಿದರೆ ನಾನು ಕುಳಿತಲ್ಲೇ ಗೇಣುದ್ದ ಹಾರುತ್ತೇನೆ. ಮೂರು ಹೊತ್ತೂ ಖಡಕ್ ರೊಟ್ಟಿ ಮುರಿಯುವ ಸೀಮೆಯಲ್ಲಿ ಹುಟ್ಟಿ ಹೀಗಾದರೆ ಬದುಕುವುದು ಹೇಗೆ ಹೇಳಿ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ನೀರಾವರಿ ಯೋಜನೆಯ ಕಚೇರಿಗಳಿವೆಯಲ್ಲ, ಅಲ್ಲಿ ಟೈಪಿಸ್ಟಾಗಿ ಸೇರಿ, ಕಾಲುವೆಗೆ ನೀರು ಬಿಡುವ ಪತ್ರಗಳನ್ನೂ ನೀರು ನಿಲ್ಲಿಸುವ ಪತ್ರಗಳನ್ನೂ ಒಂದೇ ಸಮ ಬಡಿದು, ಅಲ್ಲಿಂದಲೇ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರಸೊತ್ತಾಗ್ಲಿಲ್ರಿ" ಎಂದುಬಿಡುತ್ತಿದ್ದಳು. ಆಯುಷ್ಯವೆಲ್ಲ ಸರಕಾರಿ ಕ್ವಾರ್ಟರ್ಸಿನಲ್ಲೇ ಕಳೆಯಿತು. ಆ ಮನೆಯ ಗೋಡೆಗೆ ಅವಳು ಒಂದು ಮೊಳೆ ಹೊಡೆದವಳಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿರುತ್ತಿದ್ದಳು. ಜೋರು ಗಾಳಿ ಬೀಸಿದರೆ ತಿಂಗಳುಗಳು ತಾವಾಗಿಯೇ ಮುಂದಕ್ಕೆ ಹೋಗುತ್ತಿದ್ದವು.

"ಒಂದು ಮೊಳಿ ಹೊಡಿಬಾರದೇನತ್ತಿ?" ಎಂದು ನಾನು ಕೇಳಿದರೆ, "ಗ್ವಾಡಿ ನಮ್ಮದಲ್ಲವ್ವ. ನಾಳೆ ಬಿಟ್ಟು ಹೋಗೂ ಮುಂದ ತೂತಿಗೆ ಯಾರು ಜವಾಬು ಕೊಡಬೇಕು?" ಎನ್ನುತ್ತಿದ್ದಳು.

ನಿವೃತ್ತಿಯಾಯಿತು, ಕ್ವಾರ್ಟರ್ಸ್ ಬಿಟ್ಟಿದ್ದೂ ಆಯಿತು. ಅಪ್ಪ ಅವಳನ್ನು ಸುರಪುರಕ್ಕೆ ಕರೆತಂದ. "ಇನ್ನೇನ್ ಫಿಕರಕ್ಕ, ಮನಿ ಅದಲ್ಲ" ಎಂದ. "ಅದ ತಮ್ಮಾ, ನಿಮ್ಮನಿ ಅದ. ಯಾರಿಲ್ಲ ಅಂದ್ರು?" ಎಂದಳು ಅತ್ತೆ. ಮಾತು ಮುಗಿಯಿತು ಎಂದು ನಾವೆಲ್ಲ ತಿಳಿದೆವು. ಮುಗಿದಿರಲಿಲ್ಲ. ಕೆಲವು ವಾರಗಳ ಮೇಲೆ ಮನೆಯ ಮುಂದೆ ಹಾರ್ನು ಕೇಳಿಸಿತು. ಹೋಗಿ ನೋಡಿದರೆ ಒಂದು ಹಳೆಯ ನೀಲಿ ವ್ಯಾನು. ಡ್ರೈವರ್ ಸೀಟಿನಲ್ಲಿ ಅತ್ತೆ! ಸಾಹೇಬರು ಮೀಟಿಂಗಿನಲ್ಲಿ ಕೂತಾಗಲೆಲ್ಲ ಕಚೇರಿಯ ಜೀಪಿನ ಡ್ರೈವರುಗಳ ಬೆನ್ನುಹತ್ತಿ ಅವಳು ಗಾಡಿ ಹೊಡೆಯಲು ಕಲಿತಿದ್ದಳೆಂಬುದು ನಮಗೆ ತಿಳಿದದ್ದೇ ಅವತ್ತು.

"ಅಕ್ಕಾ, ಏನಿದು?" ಎಂದ ಅಪ್ಪ.

"ಮನಿ."

"ಇದಾ?"

"ಯಾಕ? ಬಾಗಲದ, ಕಿಡಕಿ ಅದ, ಮ್ಯಾಲ ಛತ್ತದ. ಮತ್ತೇನ್ ಬೇಕು?"

"ಮತ್ತ ಬಚ್ಚಲಾ?"

"ಎಲ್ಲಾ ಪೆಟ್ರೋಲ್ ಬಂಕಿನಾಗೂ ಕಟ್ಟಿಸಿಟ್ಟಾರಲ್ಲೋ ನನ್ನ ಸಲುವಾಗಿ!"

ಆ ವ್ಯಾನು ಮೊದಲು ಶಾಮಿಯಾನ ಹಾಕುವವನೊಬ್ಬನದು. ಅದರ ಮೈಮೇಲೆ ಹಳದಿ ಬಣ್ಣದಲ್ಲಿ 'ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳು ಬಾಡಿಗೆಗೆ ದೊರೆಯುತ್ತವೆ' ಎಂದು ಬರೆದಿತ್ತು. ಅತ್ತೆ ಅದನ್ನು ಅಳಿಸಲಿಲ್ಲ. ಅಕ್ಷರ ಚಂದ ಇದೆಯಂತೆ! ಟೈಪಿಸ್ಟಿನ ಕಣ್ಣು ನೋಡಿ. ಇದರ ಫಲವಾಗಿ ಅವಳು ಯಾವ ಊರು ದಾಟಿದರೂ ಲಗ್ನದ ಮನೆಯವರು ಕೈ ಅಡ್ಡ ಮಾಡುತ್ತಿದ್ದರು. ದೋರನಹಳ್ಳಿಯಲ್ಲಿ ಹಿರಿಯರೊಬ್ಬರು ನಡುರಸ್ತೆಯಲ್ಲಿ ನಿಂತು, "ಕುರ್ಚಿ ಅದಾವೇನ್ರಿ?" ಎಂದು ಕೇಳಿದರಂತೆ. "ಒಂದದರಿ. ಅದರ ಮ್ಯಾಲ ನಾ ಕುಂತೀನಿ" ಎಂದು ಹೇಳಿ ಇವಳು ಗೇರು ಬದಲಿಸಿದಳಂತೆ.

ಮನೆ ಎಂದ ಮೇಲೆ ಗೃಹಪ್ರವೇಶ ಬೇಡವೇ? ಅಯ್ಯನವರನ್ನು ಕರೆಸಿದಳು. ಅವರು ವ್ಯಾನನ್ನು ಮೂರು ಸುತ್ತು ಸುತ್ತಿ, ಗಡ್ಡ ಕೆರೆದುಕೊಂಡು, "ಬಾಗಿಲು ದಕ್ಷಿಣಕ್ಕ ಬರ್ತದಲ್ರಿ ತಾಯಿ, ಇದು ಬರೂದಿಲ್ಲ" ಎಂದರು.

"ನಿಮಗ ಯಾವ ದಿಕ್ಕು ಬೇಕು ಹೇಳ್ರಿ" ಎಂದಳು ಅತ್ತೆ, ಕೀ ತೆಗೆದುಕೊಂಡು.

"ಪೂರ್ವ ಆದ್ರ ಭಾಳ ಚೊಲೊ."

ಅತ್ತೆ ಒಳಗೆ ಕೂತು, ವ್ಯಾನನ್ನು ಹಿಂದೆ ಮುಂದೆ ಮಾಡಿ, ಬಾಗಿಲನ್ನು ಪೂರ್ವಕ್ಕೆ ತಂದು ನಿಲ್ಲಿಸಿದಳು! ವಾಸ್ತು ಇಷ್ಟು ಬೇಗ ಸರಿಹೋದದ್ದನ್ನು ಆ ಅಯ್ಯನವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಹಾಲು ಉಕ್ಕಿತು. ಊಟವಾಯಿತು. ಬಂದವರೆಲ್ಲ ಹೋದ ಮೇಲೆ ವ್ಯಾನಿನೊಳಗಿನಿಂದ ಟಕಟಕ ಸದ್ದು ಶುರುವಾಯಿತು. ಇಣುಕಿ ನೋಡಿದರೆ ಅತ್ತೆ ಸುತ್ತಿಗೆ ಹಿಡಿದು, ಒಳಗಿನ ಹಲಗೆಯ ತುಂಬ ಮೊಳೆ ಹೊಡೆಯುತ್ತಿದ್ದಳು. ಕ್ಯಾಲೆಂಡರಿಗೆ ಒಂದು, ಚೀಲಕ್ಕೆ ಒಂದು, ಸೌಟಿಗೆ ಒಂದು, ಕನ್ನಡಿಗೆ ಒಂದು. ತೂಗುಹಾಕಲು ಸಾಮಾನು ಮುಗಿದರೂ ಮೊಳೆ ಹೊಡೆಯುವುದು ಮುಗಿಯಲಿಲ್ಲ.

"ಇದು ಯಾತಕ್ಕತ್ತಿ?" ಎಂದು ನಾನು ಒಂದು ಖಾಲಿ ಮೊಳೆ ತೋರಿಸಿದೆ.

"ಇರ್ಲಿ ಬಿಡು. ನಂದಽ ಮನಿ!"

ಅತ್ತೆಯ ಇನ್ನೊಂದು ಅಭ್ಯಾಸ ಹೇಳಲೇಬೇಕು. ಅವಳು ಬಾಗಿಲು ಹಾಕಿಕೊಂಡು ಮಲಗಲಾರಳು. ಇದಕ್ಕೆ ಅವಳೊಬ್ಬಳನ್ನೇ ದೂರುವಂತಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಯುಗಾದಿಯ ಹೊತ್ತಿಗೆ ಹಾಸಿಗೆಗಳೆಲ್ಲ ಮಾಳಿಗೆ ಹತ್ತುತ್ತವೆ, ಮಳೆ ಬಿದ್ದ ಮೇಲೇ ಇಳಿಯುವುದು. ಮುಖಕ್ಕೆ ಗಾಳಿ ತಾಗದಿದ್ದರೆ ನಮಗೆ ನಿದ್ದೆಯಿರಲಿ, ಉಸಿರೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಅತ್ತೆ ವ್ಯಾನಿನ ಪಕ್ಕದ ಬಾಗಿಲನ್ನು ಪೂರ್ತಿ ಸರಿಸಿ, ಅದಕ್ಕೊಂದು ಸೊಳ್ಳೆಪರದೆ ಇಳಿಬಿಟ್ಟು, ಒಳಗೆ ಕೌದಿ ಹಾಸಿ ಮಲಗುತ್ತಿದ್ದಳು. ಮೊದಲ ಸಲ ಹಾಗೆ ಮಲಗಿದ್ದು ನಮ್ಮ ಮನೆಯ ಎದುರಿಗೇ, ನಡು ಓಣಿಯಲ್ಲಿ. ಬೆಳಗಾಗುವಷ್ಟರಲ್ಲಿ ಸುರಪುರದ ತುಂಬ ಸುದ್ದಿ: ತಮ್ಮನು ಅಕ್ಕನನ್ನು ಮನೆಯಿಂದ ಹೊರಗೆ ಹಾಕಿದ್ದಾನೆ!

ಅಪ್ಪ ಕೆಂಡವಾದ. "ಅಕ್ಕಾ, ನನ್ನ ಮರ್ಯಾದಿ ತಗದಿ. ಮಂದಿ ಏನೇನಂತಾರ ಗೊತ್ತದೇನು?"

"ಗೊತ್ತದ. ಮುಂಜಾನಿಂದ ಇಲ್ಲೇ ಮಕ್ಕೊಂಡು ಕೇಳೀನಲ್ಲ. ಆ ಮೂಲಿಮನಿಯಾಕಿ 'ಪಾಪ' ಅಂದ್ಲು ನೋಡು, ನಂಗೇ ಕಣ್ಣಾಗ ನೀರು ಬಂತು. ಆಮ್ಯಾಲ ಬಿಸಿ ಉಪ್ಪಿಟ್ಟು ತಂದುಕೊಟ್ಲು. ನಿನ್ನ ಮರ್ಯಾದಿ ಹೋದ್ರ ಹೋಗ್ಲೇಳು, ಉಪ್ಪಿಟ್ಟರ ಬಂತು!"

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅತ್ತೆಗೆ ಕಾಡು ನೋಡುವ ಹುಚ್ಚು ಹಿಡಿಯಿತು. ಕಾಲುವೆ ದಂಡೆಯ ಜಾಲಿ ಪೊದೆಗಿಂತ ದೊಡ್ಡ ಕಾಡನ್ನು ಅವಳು ಕಂಡವಳಲ್ಲ. ನಮ್ಮ ಕಡೆ ಏನಿದೆ? ಬಂಡೆ, ಹತ್ತಿ, ತೊಗರಿ, ಮತ್ತೆ ಬಂಡೆ. "ಕಾಡಿನ ಬಾಜೂಕ ಮಕ್ಕೊಂಡು ಏಳಬೇಕು ನೋಡವ್ವ. ಕಣ್ಣು ತೆರೆದ್ರ ಗಿಡಾನೇ ಕಾಣಬೇಕು" ಎನ್ನುತ್ತಿದ್ದಳು. ಬಂಡೀಪುರಕ್ಕೆ ಹೋಗುತ್ತೇನೆ ಎಂದಳು. ಯಾರ ಜೊತೆ? ಒಬ್ಬಳೇ! ಅಪ್ಪ ಆಗದು ಎಂದ. ಅವ್ವ ದೇವರಿಗೆ ಹರಕೆ ಹೊತ್ತಳು. ಒಂದು ಬೆಳಿಗ್ಗೆ ನಾವು ಎದ್ದು ನೋಡಿದರೆ ಓಣಿಯಲ್ಲಿ ಮನೆ ಇಲ್ಲ! ಮನೆ ಇದ್ದ ಜಾಗದಲ್ಲಿ ರಂಗೋಲಿ ಮಾತ್ರ ಇತ್ತು.

ಅಪ್ಪ ಫೋನು ಹಚ್ಚಿದ.

"ಅಕ್ಕಾ, ಎಲ್ಲಿದ್ದಿ?"

"ಮನ್ಯಾಗ."

"ಮನಿ ಎಲ್ಲದ?"

"ಹೊಸಪೇಟಿ ದಾಟೇದ."

ಆಮೇಲೆ ನಡೆದ ಜಗಳವನ್ನು ಪೂರ್ತಿ ಬರೆದರೆ ಅಪ್ಪನಿಗೆ ಬೇಸರವಾದೀತು. ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದರು. ಫೋನಿನ ಸ್ಪೀಕರು ಹಾಕಿದ್ದರಿಂದ ನಾವೆಲ್ಲ ಕೇಳಿಸಿಕೊಂಡೆವು. ಅತ್ತೆ ಹೇಳಿದಳು: "ನಿನ್ನ ಮಗಳನ್ನ ಕಳಸು. ಕಾಲೇಜಿನ್ಯಾಗ ಕಲಸಾಕಿ, ನಾಲ್ಕು ಬುಕ್ಕು ಓದಿದಾಕಿ. ಆಕಿ ಕಣ್ಣಾರೆ ನೋಡ್ಲಿ. ನೋಡಿ, ಅತ್ತಿ, ಇದು ಬ್ಯಾಡ ಅಂದ್ರ, ಮರುದಿನಾ ವ್ಯಾನ್ ಮಾರಿ ನಿಮ್ಮನ್ಯಾಗ ಬಂದು ಕೂಡ್ತೀನಿ. ಮತ್ತ ಜಲ್ಮದಾಗ ಹೊರಗ ಹೋಗು ಮಾತು ತಗಿಯಂಗಿಲ್ಲ."

ಅಪ್ಪ ಫೋನಿಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಗೆಲುವು. ತರಕಾರಿ ವ್ಯಾಪಾರ ಮಾಡುವ ಶಹಾಪುರದವರೊಬ್ಬರಿಗೆ ವ್ಯಾನು ಬೇಕಾಗಿದೆಯೆಂದು ಅವನಿಗೆ ಆಗಲೇ ಗೊತ್ತಿತ್ತು. "ನಡಿ, ಬ್ಯಾಗು ತುಂಬಕೊ" ಎಂದ.

ಯಾದಗಿರಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡಿದ್ದ ನಾನು ರಜೆಯಲ್ಲಿ ಹೀಗೆ ನ್ಯಾಯಾಧೀಶೆಯಾಗಿ ಹೊರಟೆ. ಬಸ್ಸಿನ ಮೇಲೆ ಬಸ್ಸು ಹತ್ತಿ, ಸೊಂಟ ಮುರಿದುಕೊಂಡು ಬಂಡೀಪುರದ ಕಡೆ ಬಂದು ಇಳಿದಾಗ ಮಧ್ಯಾಹ್ನ. ಕಾಡಿನ ಗಡಿಯ ಹೊರಗೆ ಒಂದು ಸಣ್ಣ ಊರು. ಅಲ್ಲಿ ಪ್ರವಾಸಿಗರಿಗೆ ಎರಡು ಕೋಣೆ ಬಾಡಿಗೆಗೆ ಕೊಡುವ ಯಜಮಾನರೊಬ್ಬರ ಅಂಗಳದಲ್ಲಿ, ಹೊಂಗೆಮರದ ಕೆಳಗೆ, ನಮ್ಮ ನೀಲಿ ವ್ಯಾನು ನಿಂತಿತ್ತು. ಮುಂದೆ ರಂಗೋಲಿ. ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಜೋಳದ ಗಿರಣಿ ಓಡಿಸಿದಂಥ ಗೊರಕೆ!

ನಾನು ಪರದೆ ಸರಿಸಿ ನೋಡಿದೆ. ಅತ್ತೆ ಕೈ ಒಂದು ದಿಕ್ಕಿಗೆ, ಕಾಲು ಒಂದು ದಿಕ್ಕಿಗೆ ಚೆಲ್ಲಿಕೊಂಡು, ಬಾಯಿ ತೆರೆದು, ಇಡೀ ವ್ಯಾನು ತನ್ನದೇ ಎಂಬಂತೆ ಮಲಗಿದ್ದಳು. ಅಲ್ಲ, ತನ್ನದೇ ತಾನೆ! ನನಗೆ ವಿಚಿತ್ರವೆನಿಸಿದ್ದು ಬೇರೆ. ಅತ್ತೆ ಗೊರಕೆ ಹೊಡೆಯುತ್ತಾಳೆ ಎಂಬುದು ಅಲ್ಲಿಯ ತನಕ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಗೋಡೆಗೆ ಒತ್ತಿಕೊಂಡು, ಮೊಣಕಾಲು ಹೊಟ್ಟೆಗೆ ಹಚ್ಚಿಕೊಂಡು ಮಲಗುತ್ತಿದ್ದಳು. ನಾವು ಏಳುವ ಮೊದಲೇ ಹಾಸಿಗೆ ಸುತ್ತಿಟ್ಟಿರುತ್ತಿದ್ದಳು.

ಅಂಗಳದ ಯಜಮಾನರು ನನ್ನನ್ನು ನೋಡಿ ಜೀವ ಬಂದವರಂತೆ ಓಡಿಬಂದರು. "ನಿಮ್ಮೋರಾ? ಸದ್ಯ, ಯಾರಾರ ಬಂದ್ರಲ್ಲ! ಬಾಗ್ಲು ಆಕಂಡು ಮನಿಕಳಿ ಅಂತ ಏಳಿ ಏಳಿ ಸಾಕಾಗದೆ ಕಣವ್ವ. ಇಲ್ಲಿ ಆನೆ ಬತ್ತವೆ. ಇವ್ರು ನೋಡುದ್ರೆ, ಉಸ್ರು ಕಟ್ತದೆ ಅಂತಾರೆ!"

ಅಷ್ಟರಲ್ಲಿ ಎಚ್ಚರವಾದ ಅತ್ತೆ ಒಳಗಿನಿಂದಲೇ ಕೂಗಿದಳು: "ಆನಿ ಬಂದ್ರ ಬರ್ಲಿ ಬಿಡ್ರಿ ಅಣ್ಣಾರ. ಅವರ ಊರಿಗೆ ನಾವಲ್ಲೇನು ಬಂದಾವ್ರು? ಏ ಸೊಸಿ, ಬಂದೇನು? ಬಾ ಬಾ, ರೊಟ್ಟಿ ತಿನ್ನು."

ರೊಟ್ಟಿ ಎಂದರೆ ಒಂದೆರಡಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಗಳ ದೊಡ್ಡ ಗಂಟೊಂದು ತಲೆದಿಂಬಿನ ಪಕ್ಕದಲ್ಲೇ ಇತ್ತು. ಅದರ ಪಕ್ಕದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅದರ ಪಕ್ಕದಲ್ಲಿ, ಅಗಲಬಾಯಿಯ ಡಬ್ಬಿಯಲ್ಲಿ, ಹಸಿ ಕೆಂಪು ಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಹಿಂಡಿ. ನಮ್ಮ ಕಡೆಯ ಕೆಂಪು ಹಿಂಡಿಯನ್ನು ತಿಂದವರಿಗೆ ನಾನು ಏನೂ ಹೇಳಬೇಕಾಗಿಲ್ಲ. ತಿನ್ನದವರಿಗೆ ಹೇಳಿ ತಿಳಿಸಲು ಆಗುವುದಿಲ್ಲ.

ಅವತ್ತು ಸಂಜೆ ಸಫಾರಿಗೆ ಹೋದೆವು. ಹುಲಿ ಕಾಣಲಿಲ್ಲ. ಬಸ್ಸಿನಲ್ಲಿದ್ದವರ ಮುಖವೆಲ್ಲ ಬಾಡಿಹೋಯಿತು. ಅತ್ತೆಗೆ ಮಾತ್ರ ಕಂಡದ್ದೆಲ್ಲ ಹಬ್ಬ. ಜಿಂಕೆ ಕಂಡರೆ "ಏ, ನಮ್ಮ ಆಡಿನ್ಹಂಗ ಅದಾವಲ್ಲೇ!", ನವಿಲು ಕಂಡರೆ "ಯವ್ವಾ!", ಬರಿಯ ಗಿಡ ಕಂಡರೂ "ಎಷ್ಟು ಗಿಡ ಎಷ್ಟು ಗಿಡ, ಯಾರು ನೀರ್ ಬಿಡ್ತಾರ ಇವಕ್ಕ?" ಹಿಂದಿನ ಸೀಟಿನವರು ಹುಲಿ ಸಿಗಲಿಲ್ಲವೆಂದು ಗೊಣಗಿದಾಗ ತಿರುಗಿ, "ಹೇಳದ ಕೇಳದ ಅವರ ಮನಿಗೆ ಹೋದ್ರ ಸಿಗೂದು ಹ್ಯಾಂಗ್ರಿ? ಅದೂ ಎಲ್ಲೋ ಕೆಲಸಕ್ಕ ಹೋಗಿರ್ತದ" ಎಂದು ಸಮಾಧಾನ ಮಾಡಿದಳು.

ನಾನು ವ್ಯಾನಿನಲ್ಲಿ ಮಲಗಲಿಲ್ಲ. ಕೋಣೆ ಹಿಡಿದೆ. ನ್ಯಾಯಾಧೀಶರು ದೂರವಿರಬೇಕಲ್ಲವೇ! ನಿಜ ಹೇಳಬೇಕೆಂದರೆ, ಮಲಗುವ ಮುಂಚೆ ನಾನು ತೀರ್ಪನ್ನು ಹೆಚ್ಚುಕಡಿಮೆ ಬರೆದಾಗಿತ್ತು: ಇಟ್ಟುಕೊಳ್ಳಲಿ, ಪಾಪ. ಬೆಳಗಾಯಿತು. ಮಂಜು ಇನ್ನೂ ಕರಗಿರಲಿಲ್ಲ. ನಾನು ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡು ಜಗಲಿಗೆ ಬಂದೆ. ವ್ಯಾನಿನ ಪಕ್ಕ ಒಂದು ಬಂಡೆ ಇತ್ತು.

ಸುರಪುರದವಳಿಗೆ ಬೂದು ಬಣ್ಣದ್ದು, ದೊಡ್ಡದು ಏನು ಕಂಡರೂ ಮೊದಲು ಬಂಡೆಯೆಂದೇ ಅನಿಸುವುದು. ಹಾಗಾಗಿ ನಾನು ಎರಡು ಸಲ ಬ್ರಶ್ಶು ತಿಕ್ಕುವ ತನಕ ಯೋಚನೆಯನ್ನೇ ಮಾಡಲಿಲ್ಲ. ನಿನ್ನೆ ಇಲ್ಲಿ ಬಂಡೆ ಇರಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಬಂಡೆ ಕಿವಿ ಆಡಿಸಿತು.

ಕಿರುಚಬೇಕೆಂದು ಬಾಯಿ ತೆರೆದೆ. ಹಿಂದಿನಿಂದ ಯಜಮಾನರ ಕೈ ಬಂದು ಬ್ರಶ್ಶಿನ ಸಮೇತ ನನ್ನ ಬಾಯಿ ಮುಚ್ಚಿತು. "ಕೂಗ್ಬೇಡಿ" ಎಂದರು ಕಿವಿಯಲ್ಲಿ. "ಕೂಗುದ್ರೆ ರೇಗ್ತದೆ. ಅದರ ಪಾಡಿಗೆ ಓಯ್ತದೆ, ಸುಮ್ನಿರಿ." ಆನೆ ತೆರೆದ ಬಾಗಿಲಿನ ಎದುರಿಗೇ ನಿಂತಿತ್ತು. ಸೊಳ್ಳೆಪರದೆಯನ್ನು ಸೊಂಡಿಲಿನಿಂದ ಮುಟ್ಟಿತು, ಎಳೆಯಿತು, ಅದು ಹರಿದು ಬಂತು. ಪರದೆಯನ್ನು ಸೆರಗಿನ ಹಾಗೆ ತಲೆಯ ಮೇಲೆ ಹಾಕಿಕೊಂಡು, ಸೊಂಡಿಲನ್ನು ನಮ್ಮ ಅತ್ತೆಯ ಮನೆಯೊಳಗೆ ಚಾಚಿತು.

ರೊಟ್ಟಿಯ ಗಂಟು ಹೊರಗೆ ಬಂತು. ಬಿಚ್ಚಿಕೊಂಡಿತು.

ಕಟಕ್. ಕಟಕಟಕಟಕ್.

ಆನೆ ಖಡಕ್ ರೊಟ್ಟಿ ತಿನ್ನುವ ಸದ್ದನ್ನು ನೀವು ಕೇಳಿರಲಾರಿರಿ. ನಾನು ಈಗಲೂ ಕೇಳುತ್ತಿದ್ದೇನೆ. ಪಾಠ ಮಾಡುವಾಗ ಬೇಡಿಕೆ ಮತ್ತು ಪೂರೈಕೆ ಎನ್ನುತ್ತಿರುತ್ತೇನೆ, ಹಿಂದಿನ ಬೆಂಚಿನಲ್ಲಿ ಯಾರೋ ಚಿಪ್ಸಿನ ಪೊಟ್ಟಣ ಒಡೆಯುತ್ತಾರೆ, ನನ್ನ ಕೈಯ ಸೀಮೆಸುಣ್ಣ ಎರಡು ತುಂಡು!

ಒಳಗೆ ಗೊರಕೆ ನಿಂತಿತು. ಮಂಜಿನಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು. ನಿದ್ದೆಗಣ್ಣಿನ, ಆದರೆ ಯಾವ ಗಾಬರಿಯೂ ಇಲ್ಲದ ದನಿ.

"ಏ... ಬರೇ ರೊಟ್ಟಿ ತಿನ್ನಾಕತ್ತಿಯಲ್ಲಪ್ಪಾ! ಗಂಟಲಿಗೆ ಹತ್ತತದ. ಹಿಂಡಿ ಹಚ್ಕೋ."

ಇದನ್ನು ನೀವು ನಗೆಹನಿ ಎಂದುಕೊಳ್ಳಬಾರದು. ನಮ್ಮ ಕಡೆ ಬಾಗಿಲಿಗೆ ಬಂದವರು ಬರಿಯ ರೊಟ್ಟಿ ಮುರಿಯುವುದನ್ನು ಹೆಂಗಸರು ನೋಡಿಕೊಂಡು ಕೂಡಲಾರರು. ಕೈ ತಾನಾಗಿಯೇ ಹಿಂಡಿಯ ಡಬ್ಬಿಗೆ ಹೋಗುತ್ತದೆ. ಅತ್ತೆಯ ಕೈಯೂ ಹೋಯಿತು. ಶೇಂಗಾ ಹಿಂಡಿಗಾದರೂ ಹೋಗಬಾರದಿತ್ತೇ? ಹತ್ತಿರವಿದ್ದದ್ದು ಕೆಂಪು ಹಿಂಡಿ! ಮುಚ್ಚಳ ತೆಗೆದು ಮುಂದಕ್ಕೆ ಸರಿಸಿದಳು. ಆನೆ ಅತಿಥಿಧರ್ಮ ಬಿಡದೆ ಸೊಂಡಿಲಿಟ್ಟು ಮೂಸಿತು.

ಮುಂದಿನದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ, ಬೇಡವೆಂದರೂ. ಆನೆ ಸೊಂಡಿಲನ್ನು ಹಿಂದಕ್ಕೆ ಸೆಳೆದುಕೊಂಡಿತು. ಫೂ ಎಂದು ಊದಿತು. ಆಮೇಲೆ ಘೀಳಿಟ್ಟಿತು. ಎಲೆಯ ಮೇಲಿನ ಇಬ್ಬನಿ ಉದುರುವ ಹಾಗೆ ಘೀಳಿಟ್ಟು, ಹಣೆಯನ್ನು ತಂದು ವ್ಯಾನಿಗೆ ಗುದ್ದಿತು. ವ್ಯಾನು ಈಚೆಗಿನ ಎರಡು ಗಾಲಿ ನೆಲ ಬಿಟ್ಟು ಮೇಲೆದ್ದು, ಆ ಕಡೆಗೆ ವಾಲಿ, ಹಾಗೆಯೇ ನಿಂತುಬಿಟ್ಟಿತು. ಬೀಳಲೂ ಇಲ್ಲ, ಇಳಿಯಲೂ ಇಲ್ಲ. ಒಳಗೆ ಪಾತ್ರೆಗಳು ಒಂದರ ಮೇಲೊಂದು ಉರುಳಿದವು. ಬಾಗಿಲ ಅಂಚಿನಲ್ಲಿದ್ದ ಅತ್ತೆಯ ಒಂದು ಚಪ್ಪಲಿ ಹೊರಗೆ ಬಿತ್ತು. ಒಂದೇ ಒಂದು ಚಪ್ಪಲಿ. ಅತ್ತೆಯ ದನಿ ಇಲ್ಲ.

ಎಷ್ಟು ಹೊತ್ತು ಎಂದು ಕೇಳಬೇಡಿ. ಕಣ್ಣು ಮಿಟುಕಿಸುವಷ್ಟು ಎಂದು ಯಜಮಾನರು ಹೇಳುತ್ತಾರೆ. ನನಗೆ ಅದು ಇನ್ನೂ ಮುಗಿದಿಲ್ಲ.

ಆಮೇಲೆ ವ್ಯಾನು ಧಡ್ ಎಂದು ನಾಲ್ಕೂ ಗಾಲಿಯ ಮೇಲೆ ಬಿತ್ತು. ಆನೆ ತಲೆಯನ್ನು ಎಡಕ್ಕೂ ಬಲಕ್ಕೂ ಒದರುತ್ತ, ಸೊಂಡಿಲನ್ನು ಹುಲ್ಲಿಗೆ ಒರೆಸುತ್ತ, ಸೊಳ್ಳೆಪರದೆಯ ಸಮೇತ ಲಂಟಾನದ ಪೊದೆಯೊಳಗೆ ನುಗ್ಗಿ ಹೋಯಿತು.

ನಾನು ಓಡಿದೆ. ಅತ್ತೆ ಕೌದಿಯ ಮೇಲೆ ಕೂತು, ಎರಡೂ ಕೈಯಿಂದ ಗೋಡೆಯ ಎರಡು ಖಾಲಿ ಮೊಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೂದಲ ತುಂಬ ಶೇಂಗಾ ಹಿಂಡಿ.

"ಹೋತೇನು?"

"ಹೋತು."

"ಖಾರ ಜಾಸ್ತಿ ಆತೇನೋ ಅದಕ್ಕ?"

ನಾನು ಬಾಗಿಲಲ್ಲೇ ಕುಸಿದು ಕೂತು ಅಳತೊಡಗಿದೆ. ಬಾಯಲ್ಲಿ ಬ್ರಶ್ಶು ಇನ್ನೂ ಇತ್ತು. ನೊರೆ ಸಮೇತ ಅಳು! ಅವಳು ನನ್ನ ಬೆನ್ನು ಸವರಿ, ಬ್ರಶ್ಶು ತೆಗೆದು ಪಕ್ಕಕ್ಕಿಟ್ಟು, ಬಾಯಿ ಒರೆಸಿ, ಸ್ಟೋವು ಹುಡುಕಿ ಚಹಾಕ್ಕೆ ಇಟ್ಟಳು. ನೀರು ಕುದಿಯತೊಡಗಿದಾಗ ಮುಖ ತಿರುಗಿಸದೆ ಕೇಳಿದಳು:

"ನಿಮ್ಮಪ್ಪಗ ಹೇಳ್ತಿಯೇನು?"

ನಾನು ಹೊರಗೆ ಬಿದ್ದಿದ್ದ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟೆ. ಅವಳು ಮತ್ತೆ ಕೇಳಲಿಲ್ಲ.

ವ್ಯಾನಿನಲ್ಲೇ ಊರಿಗೆ ಹೊರಟೆವು. ಒಂದು ಬದಿ ನಜ್ಜುಗುಜ್ಜಾಗಿ, 'ಶಾಮಿಯಾನ'ದ ಯಾನ ಒಳಗೆ ಹೋಗಿತ್ತು. ದಾರಿಯಲ್ಲಿ ಸಿಕ್ಕ ಲಗ್ನದವರೊಬ್ಬರು ಕೈ ಅಡ್ಡ ಮಾಡಿದರೂ ಅತ್ತೆ ಏನೂ ಅನ್ನದೆ ಮುಂದೆ ಹೋದಳು. ಮಾತಾಡದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ಇತ್ತ ನನ್ನ ಗತಿಯೋ? ಎದುರಿಗೆ ಲಾರಿ ಹಾರ್ನು ಹೊಡೆದರೆ ಸೀಟಿನ ಕೆಳಗೆ! ನನ್ನ ತೀರ್ಪು ಬದಲಾಗಿತ್ತು. ಮಾರಬೇಕು. ಇದರಲ್ಲಿ ಯೋಚಿಸುವುದೇನಿದೆ? ಅತ್ತೆ ಜೀವಂತ ಇರಬೇಕಾದರೆ ಈ ಡಬ್ಬಿಯನ್ನು ಮಾರಬೇಕು. ಚಿತ್ರದುರ್ಗ ಬರುವ ತನಕ, ಹೊಸಪೇಟೆ ಬರುವ ತನಕ, ಲಿಂಗಸಗೂರು ಬರುವ ತನಕ ಅದನ್ನೇ ಮನಸ್ಸಿನಲ್ಲಿ ಉರುಹೊಡೆದೆ.

ಸುರಪುರದಲ್ಲಿ ಅಪ್ಪ ವ್ಯಾನಿನ ನಜ್ಜಿದ ಬದಿಯನ್ನು ನೋಡಿ, "ಇದೇನಾತು?" ಎಂದ.

"ನಿನ್ನ ಮಗಳು ಹೇಳ್ತಾಳ" ಎಂದು ಅತ್ತೆ ಸೀದಾ ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಪಂಚಾಯತಿ. ಶಹಾಪುರದ ತರಕಾರಿ ವ್ಯಾಪಾರಿಯೂ ಬಂದು ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ರೊಟ್ಟಿ ಹೇಳಿದೆ, ಹಿಂಡಿ ಹೇಳಿದೆ, ಎರಡು ಗಾಲಿಯ ಮೇಲೆ ನಿಂತ ವ್ಯಾನು ಹೇಳಿದೆ. ರೊಟ್ಟಿಯ ತನಕ ನಕ್ಕವರು ಚಪ್ಪಲಿ ಬಿದ್ದಲ್ಲಿ ಸುಮ್ಮನಾದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ದೇವರು ದೊಡ್ಡಾಂವ. ಅಕ್ಕಾರು ಉಳದ್ರಲ್ಲ, ಅಷ್ಟೇ ಸಾಕು. ಮಾರ್ರಿ ಅದನ್ನ" ಎಂದಳು. ವ್ಯಾಪಾರಿ ಎದ್ದು ಕಿಟಕಿಯಿಂದ ವ್ಯಾನನ್ನು ನೋಡಿ, "ಆನಿ ಗುದ್ದೇದಂದ್ರ ರೇಟು ಇಳಿಸಬೇಕಾಗ್ತದ್ರಿ" ಎಂದರು.

ಅಪ್ಪ ಗಂಟಲು ಸರಿಮಾಡಿಕೊಂಡ. "ಮಾತು ಮಾತೇ. ತೀರ್ಮಾನ ನಿಂದವ್ವ. ನೀನಽ ಹೇಳು. ಮಾರೂದೋ, ಬ್ಯಾಡೋ?"

ಮಾರ್ರಿ. ಇಷ್ಟೇ ಹೇಳಬೇಕಾಗಿದ್ದದ್ದು. ನಾಲಿಗೆಯ ತುದಿಗೆ ಬಂದಿತ್ತು. ಹೇಳುವ ಮುಂಚೆ ಅತ್ತೆಯ ಮುಖ ನೋಡೋಣವೆಂದು ತಿರುಗಿದೆ. ಪಡಸಾಲೆಯಲ್ಲಿ ಅವಳು ಇರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು.

ಅವಳು ಜೋಳ ಹಸನು ಮಾಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಯಾವತ್ತೂ ಸುಮ್ಮನೆ ಕೂತವಳಲ್ಲ, ಕೂತು ಉಣ್ಣುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡಾರು ಎಂಬಂತೆ. ಗೋಡೆಗೆ ಒತ್ತಿಕೊಂಡು, ಇರುವ ಜಾಗದಲ್ಲಿ ಆದಷ್ಟು ಕಡಿಮೆ ಜಾಗ ಹಿಡಿದು, ಮೊಣಕಾಲು ಮಡಚಿ ಕೂತಿದ್ದಳು. ಮೊರ ಅವಳ ಕೈಯಲ್ಲಿ ಅರ್ಧಕ್ಕೆ ನಿಂತಿತ್ತು. ನಮ್ಮ ಮಾತು ಕೇಳಲೆಂದು ನಿಲ್ಲಿಸಿದ್ದಳು. ತಲೆಯ ಮೇಲಿನ ಸೆರಗು ಅಲ್ಲಾಡುತ್ತಿರಲಿಲ್ಲ. ಆದರೆ ಮೊರದ ತುದಿಯಲ್ಲಿ ಜೋಳದ ಕಾಳುಗಳು ಸಣ್ಣಗೆ, ಒಂದೇ ಸಮ ಅದುರುತ್ತಿದ್ದವು.

ನಾನು ಆನೆಯ ಮುಂದೆ ಅತ್ತೆಯ ಕೈಯನ್ನು ನೋಡಿದ್ದೆ. ಆಗ ಅದು ಅದುರಿರಲಿಲ್ಲ.

"ಹೇಳವ್ವ" ಎಂದ ಅಪ್ಪ.

"ಬ್ಯಾಡ" ಎಂದೆ. "ಮಾರೂದು ಬ್ಯಾಡಪ್ಪ. ಬಾಗಲಕ್ಕ ಒಂದು ಕಬ್ಬಿಣದ ಜಾಳಗಿ ಕೂಡಿಸೋಣು. ಗಾಳಿ ಬರಬೇಕು, ಸೊಂಡಿಲು ಬರಬಾರದು. ಶಹಾಪುರದಾಗ ವೆಲ್ಡಿಂಗ್ ಮಾಡಾವ್ರು ಅದಾರ."

ಅಪ್ಪ ನನ್ನನ್ನು ನೋಡಿದ. ಆಮೇಲೆ, ನಾನು ಎಲ್ಲಿ ನೋಡುತ್ತಿದ್ದೇನೆಂದು ತಿರುಗಿ, ಅಡುಗೆಮನೆಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಅವ್ವ ಏನೋ ಹೇಳಲು ಹೋದಳು, ಅಪ್ಪ ಕೈ ಎತ್ತಿ ತಡೆದ. ವ್ಯಾಪಾರಿಗೆ ಮೆಲ್ಲಗೆ, "ನೀವು ಚಹಾ ಕುಡದು ಹೋಗ್ರಿ" ಎಂದ.

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಜೋಳ ಕೇರುವ ಸದ್ದು ಮತ್ತೆ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.